ಗುಂಡಿ ಇದೆ, ಕಾಜಾ ಇಲ್ಲ

ಫಿನ್‌ಲೆಂಡಿನಲ್ಲಿ ಪಿಎಚ್‌ಡಿ ಮಾಡುವ ಗಂಡಸಿಗೆ ಕೊನೆಯಲ್ಲಿ ಎರಡು ಪರೀಕ್ಷೆ. ಒಂದು ಥೀಸಿಸ್‌ನದು, ಇನ್ನೊಂದು ಕೋಟಿನದು. ಥೀಸಿಸ್‌ಗಾದರೆ ಗೈಡ್ ಇರುತ್ತಾರೆ.

ಥೀಸಿಸ್ ಸಮರ್ಥಿಸಿಕೊಳ್ಳುವ ಡಿಫೆನ್ಸ್ ಅಂದರೆ ಇಲ್ಲಿ ಸಾರ್ವಜನಿಕ ಸಮಾರಂಭ. ಯಾರು ಬೇಕಾದರೂ ಬಂದು ಕೂರಬಹುದು. ಹಳೇ ರೂಢಿಯಂತೆ ಮಧ್ಯಾಹ್ನ 12:15ಕ್ಕೆ ಮೂವರು ಸಾಲಾಗಿ ಒಳಗೆ ಬರುತ್ತಾರೆ. ಮುಂದೆ ಅಭ್ಯರ್ಥಿ, ಅವನ ಹಿಂದೆ ಸಭೆ ನಡೆಸುವ ಪ್ರೊಫೆಸರ್, ಕೊನೆಗೆ ಪ್ರಶ್ನೆ ಕೇಳಲು ಹೊರಗಿನಿಂದ ಬಂದ ಪರೀಕ್ಷಕರು. ಇವರ ಸಾಂಪ್ರದಾಯಿಕ ಉಡುಪು ಟೈಲ್‌ಕೋಟ್. ಕಪ್ಪು ಸೂಟ್ ಹಾಕಿದರೂ ಈಗ ನಡೆಯುತ್ತದೆ. ಆದರೆ ಮೂವರೂ ಮೊದಲೇ ಮಾತಾಡಿಕೊಂಡು ಒಂದೇ ಥರ ಹಾಕಬೇಕು. ನನ್ನ ಪರೀಕ್ಷಕರಿಗೆ ಸ್ವಂತ ಟೈಲ್‌ಕೋಟ್ ಇತ್ತು. ಇಟ್ಟುಕೊಂಡವರು ಹಾಕದೆ ಬಿಡುತ್ತಾರಾ?

‘ಪಂಚೆ ಉಟ್ಕೊಳೋ’ ಅಂದರು ಅಮ್ಮ, ವಿಡಿಯೊ ಕಾಲ್‌ನಲ್ಲಿ. ‘ಆ ಅಭಿಜಿತ್ ಬ್ಯಾನರ್ಜಿ ಪಂಚೆ ಉಟ್ಕೊಂಡೇ ಹೋಗಿ ನೊಬೆಲ್ ಈಸ್ಕೊಂಡು ಬರ್ಲಿಲ್ವಾ?’

ಮಾತು ನಿಜ. 2019ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನ ವೇದಿಕೆಯ ಮೇಲೆ ಗಂಡಸರೆಲ್ಲ ಟೈಲ್‌ಕೋಟಿನಲ್ಲಿದ್ದರೆ, ಅವರು ಪಂಚೆ, ಮೇಲೊಂದು ಬಂದ್‌ಗಲಾ ಕೋಟಿನಲ್ಲಿದ್ದರು. ಅಲ್ಲಿ ಅವರವರ ದೇಶದ ಉಡುಪಿಗೆ ಅಡ್ಡಿಯಿಲ್ಲ. ‘ಇಲ್ಲಿ ಮೂರೂ ಜನ ಒಂದೇ ಥರ ಇರ್ಬೇಕಮ್ಮಾ’ ಅಂದೆ. ‘ಅದಕ್ಕೇನಂತೆ? ಮೇಷ್ಟ್ರಿಬ್ರಿಗೂ ಒಂದೊಂದು ಜೊತೆ ಕಳಿಸ್ತೀನಿ. ಪಂಚೆಗೆ ಅಳತೆ ಬೇರೆ ಬೇಕಾಗಿಲ್ಲ.’

ಬಾಡಿಗೆ ಅಂಗಡಿಗೆ ಹೋದೆ.

ಈ ಕೋಟಿನ ಮುಂಭಾಗ ಸೊಂಟಕ್ಕೇ ಮುಗಿದುಹೋಗುತ್ತದೆ. ಹಿಂದೆ ಮಾತ್ರ ಮಂಡಿಯವರೆಗೆ ಎರಡು ಬಾಲ. ಮುಂದೆ ಆಚೆ ಈಚೆ ಸಾಲಾಗಿ ಗುಂಡಿಗಳಿವೆ, ಆದರೆ ಹಾಕಲು ಕಾಜಾ ಇಲ್ಲ. ಎರಡು ಅಂಚೂ ಎಷ್ಟು ಎಳೆದರೂ ಒಂದಕ್ಕೊಂದು ಮುಟ್ಟುವುದಿಲ್ಲ. ನನ್ನ ಹೊಟ್ಟೆಯದೇ ಕಿತಾಪತಿ ಅಂದುಕೊಂಡು ಉಸಿರು ಒಳಗೆಳೆದೆ. ಅಂಗಡಿಯಾಕೆ ನಕ್ಕರು. ಅದು ಇರುವುದೇ ಹಾಗಂತೆ.

18ನೇ ಶತಮಾನದ ಇಂಗ್ಲೆಂಡಿನ ಕುದುರೆ ಸವಾರರಿಂದ ಬಂದ ಕೋಟು ಇದು. ತೊಡೆಗೆ ಅಡ್ಡ ಬರಬಾರದು ಅಂತ ಮುಂದಿನ ಬಟ್ಟೆ ಕತ್ತರಿಸಿದರು. ಜೀನಿನ ಎರಡು ಕಡೆಗೂ ಇಳಿಯಲಿ ಅಂತ ಹಿಂದೆ ಸೀಳಿದರು. ಕುದುರೆ ಒಂದಿದ್ದರೆ ಈ ಕೋಟಿನಲ್ಲಿ ಯಾವ ದೋಷವೂ ಇಲ್ಲ. ನನ್ನ ಹತ್ತಿರ ಇದ್ದದ್ದು ಟ್ರಾಮ್ ಪಾಸು.

ಒಳಗೆ ಹಾಕುವ ವೇಸ್ಟ್‌ಕೋಟು ಕೋಟಿನ ಕೆಳಗೆ ಇಣುಕಬಾರದು ಅನ್ನುವುದು ಇನ್ನೊಂದು ನಿಯಮ. ಅದಕ್ಕೇ ಪ್ಯಾಂಟು ಹೊಕ್ಕುಳು ದಾಟಿ ಮೇಲಕ್ಕೆ ಹೋಗುತ್ತದೆ. ಬೆಲ್ಟ್ ತೂರಿಸಲು ಜಾಗವೇ ಇಲ್ಲ, ಭುಜದ ಮೇಲಿಂದ ಬ್ರೇಸಸ್ ಅನ್ನುವ ಪಟ್ಟಿ ಹಾಕಿ ಎತ್ತಿ ಹಿಡಿಯಬೇಕು. ಬೋ ಟೈ ಕಟ್ಟಿದ ಕತೆ ಬೇಡ ಬಿಡಿ, ಆ ಯೂಟ್ಯೂಬ್ ವಿಡಿಯೊದವನ ಮುಖ ಈಗಲೂ ಕನಸಿನಲ್ಲಿ ಬರುತ್ತದೆ.

ರಟ್ಟಿನಷ್ಟು ಬಿರುಸಾದ ಆ ಅಂಗಿಗೆ ಎದೆಯ ಮೇಲೆ ಹೊಲಿದ ಗುಂಡಿಗಳಿರುವುದಿಲ್ಲ. ಎರಡೂ ಕಡೆ ಬರೀ ತೂತು. ಅದರಲ್ಲಿ ಸ್ಟಡ್ ಅಂತ ಸಣ್ಣ ಬಿಡಿ ಗುಂಡಿ ತೂರಿಸಬೇಕು. ಡಿಫೆನ್ಸ್ ದಿನ ಬೆಳಿಗ್ಗೆ ಅದರಲ್ಲೊಂದು ಕೈಜಾರಿ ಉರುಳುತ್ತಾ ಹೋಗಿ ಹೀಟರ್ ಹಿಂದೆ ಸೇರಿಕೊಂಡಿತು. ಪೊರಕೆ ಕಡ್ಡಿ, ಸ್ಕೇಲು, ಮೊಬೈಲ್ ಟಾರ್ಚು, ಯಾವುದಕ್ಕೂ ಜಗ್ಗಲಿಲ್ಲ. ಹೆಂಡತಿ ಒಂದು ಕ್ಷಣ ನೋಡಿದಳು. ಕಿವಿಯಿಂದ ಬಿಳಿ ಕಲ್ಲಿನ ಓಲೆ ತೆಗೆದು ತೂತಿಗೆ ತೂರಿಸಿ, ಒಳಗಡೆಯಿಂದ ತಿರುಪು ಹಾಕಿದಳು. ಹೇಳಿ ಮಾಡಿಸಿದಂತೆ ಕೂತಿತು.

ಹೊರಗೆ ಹಿಮ. ನನ್ನ ಚಳಿ ಜಾಕೆಟ್ಟು ಸೊಂಟದವರೆಗೆ ಮಾತ್ರ. ಅದರ ಕೆಳಗೆ ಎರಡು ಕಪ್ಪು ಬಾಲ ನೇತಾಡುತ್ತಿದ್ದವು, ಥೇಟ್ ಕಾಜಾಣ. ಇಲ್ಲಿಯ ಜನ ಟ್ರಾಮಿನಲ್ಲಿ ಗುರುತಿಲ್ಲದವರನ್ನು ಮಾತಾಡಿಸುವುದಿಲ್ಲ. ಆವತ್ತು ಆ ಒಳ್ಳೆ ಗುಣಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಒಬ್ಬ ಪುಟ್ಟ ಹುಡುಗಿ ಮಾತ್ರ ‘ನೀವು ಮ್ಯಾಜಿಕ್ ಮಾಡ್ತೀರಾ?’ ಅಂದಳು. ನನ್ನ ಗ್ರಾಫುಗಳನ್ನು ನೋಡಿದ್ದರೆ ಹೌದು ಅಂತ ಅವಳೇ ಹೇಳುತ್ತಿದ್ದಳು.

ಫಿನ್‌ಲೆಂಡಿನವರಿಗೆ ಈ ಕೋಟು ಹೊಸದಲ್ಲ. ಡಿಸೆಂಬರ್ 6 ಅವರ ಸ್ವಾತಂತ್ರ್ಯ ದಿನ. ಆವತ್ತು ಸಂಜೆ ಅಧ್ಯಕ್ಷರ ಅರಮನೆಯಲ್ಲಿ ಟೈಲ್‌ಕೋಟಿನ ಅತಿಥಿಗಳು ಸಾಲಾಗಿ ಬಂದು ಅಧ್ಯಕ್ಷರ ಕೈ ಕುಲುಕುವುದನ್ನು ಟಿವಿಯಲ್ಲಿ ಗಂಟೆಗಟ್ಟಲೆ ತೋರಿಸುತ್ತಾರೆ. ನಾನೂ ನೋಡಿ ಕಲಿತಿದ್ದೆ. ಆದರೆ ಆ ಸಾಲಿನಲ್ಲಿ ಎಲ್ಲರೂ ನಿಂತೇ ಇರುತ್ತಾರೆ. ಕೂರುವುದು ಹೇಗೆ ಅಂತ ಯಾರೂ ತೋರಿಸುವುದಿಲ್ಲ.

ನನ್ನ ಪರೀಕ್ಷಕರು ಕೂರುವಾಗ ಎರಡೂ ಕೈ ಹಿಂದೆ ಒಯ್ದು, ಬಾಲಗಳನ್ನು ಆಚೆಗೊಂದು ಈಚೆಗೊಂದು ಸರಿಸಿ, ಗಮ್ಮತ್ತಾಗಿ ಕೂತರು. ನಾನೂ ಹಾಗೇ ಮಾಡಿದೆ. ನನ್ನದು ಚಕ್ರದ ಕುರ್ಚಿ. ಸ್ವಲ್ಪ ಮುಂದಕ್ಕೆ ಸರಿದುಕೊಂಡಾಗ ಎಡಗಡೆ ಬಾಲ ಚಕ್ರಕ್ಕೆ ಸುತ್ತಿಕೊಂಡಿದ್ದು ಗೊತ್ತಾಗಲಿಲ್ಲ. ‘ಮೂರನೇ ಅಧ್ಯಾಯದ ಗ್ರಾಫ್ ಸ್ವಲ್ಪ ತೋರಿಸುತ್ತೀರಾ?’ ಅಂದರು. ಎದ್ದು ಪರದೆಯ ಕಡೆ ಹೊರಟೆ. ಕುರ್ಚಿಯೂ ಗಡಗಡ ಅಂತ ಹಿಂದೆಯೇ ಹೊರಟಿತು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಪ್ರೊಫೆಸರ್ ಎದ್ದು ಬಂದು, ಮಂಡಿಯೂರಿ, ಚಕ್ರ ಹಿಂದಕ್ಕೆ ತಿರುಗಿಸಿ ನನ್ನನ್ನು ಬಿಡಿಸಿದರು. ಐದು ವರ್ಷದಿಂದ ನನ್ನ ಥೀಸಿಸ್‌ಗೆ ಮಾಡುತ್ತಿದ್ದುದೂ ಅದೇ ಕೆಲಸ.

ಅಂತೂ ಪಾಸು. ರೂಢಿಯಂತೆ ರಾತ್ರಿ ನನ್ನ ಖರ್ಚಿನಲ್ಲೇ ಪರೀಕ್ಷಕರ ಗೌರವಕ್ಕೆ ಊಟ. ಅವರು ನನ್ನ ಎದೆಯನ್ನೇ ನೋಡಿ, ‘ಸ್ಟಡ್ ತುಂಬಾ ಚೆನ್ನಾಗಿದೆ, ಎಲ್ಲಿ ತೊಗೊಂಡ್ರಿ?’ ಅಂದರು. ನಮ್ಮ ಮಾವನವರು ಮಾಡಿಸಿಕೊಟ್ಟಿದ್ದು ಅಂದೆ. ಸುಳ್ಳೇನಲ್ಲ, ಅಲ್ವಾ?

ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕಿದೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿದರು. ತಿಪಟೂರಿನಲ್ಲಿ ಟೈಲರಿಂಗ್ ಮಾಡುವ ಚಿಕ್ಕಪ್ಪ ಮಾತ್ರ ಫೋನೇ ಮಾಡಿದರು.

‘ಡಾಕ್ಟ್ರಾಗಿದ್ದು ಸಂತೋಷ ಕಣಪ್ಪಾ. ಆ ಟೈಲರ್‌ಗೆ ದುಡ್ಡು ಕೊಟ್ಬಿಟ್ಯಾ?’

‘ಕೊಟ್ಟಾಯ್ತು ಚಿಕ್ಕಪ್ಪ. ಯಾಕೆ?’

‘ಮುಂದ್ಗಡೆ ಬಟ್ಟೆ ಸಾಲ್ದೆ ಹೋಗಿದೆ. ಹಿಂದ್ಗಡೆ ನೋಡಿದ್ರೆ ಅಷ್ಟುದ್ದ ಸುಮ್ನೆ ನೇತಾಡ್ತಿದೆ. ಅದನ್ನೇ ಬಿಚ್ಚಿ ಮುಂದಕ್ಕೆ ಹಾಕ್ಕೊಡು ಅನ್ನು. ಕಾಜಾ ನಾನು ಹಾಕ್ಕೊಡ್ತೀನಿ.’