ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರ ಹಕ್ಕುಗಳು: ಒಂದು ಸ್ಪಷ್ಟನೆ

ಮಾನಸಿಕ ಕಾಯಿಲೆಗೆ ಒಮ್ಮೆ ಆಸ್ಪತ್ರೆ ಸೇರಿದವರನ್ನು ಕಾನೂನು ಬುದ್ಧಿಸ್ವಾಧೀನವಿಲ್ಲದವರೆಂದೇ ಪರಿಗಣಿಸುತ್ತದೆ, ಅವರಿಗೆ ಮತದಾನವೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ, ಮದುವೆಯೂ ಊರ್ಜಿತವಲ್ಲ, ಮನೆಯವರು ಕರೆದೊಯ್ಯದಿದ್ದರೆ ಆಸ್ಪತ್ರೆಯಲ್ಲಿಯೇ ಉಳಿಯಬೇಕು ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು, ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಬುದ್ಧಿಸ್ವಾಧೀನವಿಲ್ಲದವರು ಎನಿಸುವುದಿಲ್ಲ. ಮತದಾರರ ಪಟ್ಟಿಯಿಂದ ಹೊರಗಿಡಲು 1950ರ ಜನಪ್ರತಿನಿಧಿ ಕಾಯ್ದೆ ಕೇಳುವುದೂ ಅಂಥ ಘೋಷಣೆಯನ್ನೇ; ವೈದ್ಯರ ಚೀಟಿ ಸಾಲದು. ಆಸ್ತಿ ಹೊಂದುವ, ಸ್ವಂತ ಹಣಕಾಸು ನೋಡಿಕೊಳ್ಳುವ, ಬ್ಯಾಂಕ್ ಸಾಲ ಕೇಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಿಗೂ ಸಮಾನವಾಗಿ ಕೊಟ್ಟಿದೆ.

ಕೊನೆಯ ಮಾತಂತೂ ಕಾನೂನಿಗೆ ತದ್ವಿರುದ್ಧ. ಮನೆಯಿಲ್ಲ, ಮನೆಯವರು ಒಪ್ಪುತ್ತಿಲ್ಲ ಅಥವಾ ಊರಿನಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು 2017ರ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಗುಣಮುಖರಾಗುತ್ತಿರುವವರು ಸಾಮಾನ್ಯವಾಗಿ ಬಯಸುವುದೂ ದೊಡ್ಡದೇನಲ್ಲ: ತಿಂಗಳಿಗೊಂದು ಸಂಬಳ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಡಿಗೆ ಕೋಣೆ, ಮಾತ್ರೆ ನುಂಗಿದೆಯಾ ಎಂದು ಪದೇ ಪದೇ ಕೇಳದ ನೆಂಟರು. ಬೆಂಗಳೂರಿನ ನಿಮ್ಹಾನ್ಸ್ ತನ್ನ ಪುನರ್ವಸತಿ ವಿಭಾಗದಲ್ಲಿ ಬೇಕರಿ ಕೆಲಸ ಕಲಿಸುವುದು ಇಂಥ ಬದುಕಿನ ಸಿದ್ಧತೆಗಾಗಿಯೇ.

ಸಂದೇಶದಲ್ಲಿ ಅರ್ಧ ಸತ್ಯವಿರುವುದು ಮದುವೆಯ ವಿಷಯದಲ್ಲಿ ಮಾತ್ರ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯ ಕುರಿತ ಷರತ್ತು ಇರುವುದು ನಿಜ. ಆದರೆ ಅದು ಅಸ್ವಸ್ಥತೆಯ ಸ್ವರೂಪ ಮತ್ತು ತೀವ್ರತೆಯನ್ನು ಅವಲಂಬಿಸಿದ್ದು, ಷರತ್ತು ಮೀರಿದ ಮದುವೆಯೂ ತಾನಾಗಿಯೇ ಅಸಿಂಧುವಾಗುವುದಿಲ್ಲ. ಅರ್ಜಿಯ ಮೇಲೆ ನ್ಯಾಯಾಲಯವೇ ಅದನ್ನು ರದ್ದುಪಡಿಸಬೇಕಾಗುತ್ತದೆ.