ಬುರುಡೆ ಬಿಡೋ ರೇಡಿಯೋನೂ ಕಿವಿಗೊಟ್ಟು ಕೇಳ್ಬೇಕು ಸ್ವಾಮಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲಿನ ನಮ್ಮ ವಾಕಿಂಗ್ ಗ್ಯಾಂಗ್ ನಿಮಗೆ ಗೊತ್ತೇ ಇದೆ. ಇವತ್ತು ಕಾಫಿಗೆ ಕೂತಾಗ ಸುಡಾನ್ ಯುದ್ಧದ ಮಾತು ಬಂತು. ಗೆಳೆಯರೊಬ್ಬರ ಮಗ ರಜಕ್ಕೆ ಬಂದಿದ್ದಾನೆ, ಒಳ್ಳೆ ಹುಡುಗ. "ಅಂಕಲ್, ಸರ್ಕಾರಿ ಚಾನೆಲ್ ಅಂದ್ಮೇಲೆ ಮುಗೀತು, ಎಲ್ಲಾ ಬುರುಡೆ" ಅಂದ. ಅಂದವನೇ ಮೊಬೈಲ್ ತೆಗೆದು ಟೆಲಿಗ್ರಾಂನಲ್ಲಿ ಬಂದ ಒಂದು ವಿಡಿಯೋ ತೋರಿಸಿ "ನಿಜ ಇಲ್ಲಿದೆ ನೋಡಿ" ಅಂದ. ಯಾವ ಊರಪ್ಪ ಇದು? ಗೊತ್ತಿಲ್ಲ. ಯಾವತ್ತಿಂದು? ಗೊತ್ತಿಲ್ಲ. ತೆಗೆದೋನ್ಯಾರು? ಅದೂ ಗೊತ್ತಿಲ್ಲ. ಸರ್ಕಾರದ್ದಲ್ವಲ್ಲ, ಅಷ್ಟು ಸಾಕು! ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ.

ಮೈ ಉರೀತು. ಎಲ್ಲಾ ನಿಜ ಅನ್ನೋನು, ಎಲ್ಲಾ ಸುಳ್ಳು ಅನ್ನೋನು, ಇಬ್ಬರೂ ಅಣ್ಣತಮ್ಮಂದಿರು. ಇಬ್ಬರಿಗೂ ಕೂತು ಓದೋ ಕಷ್ಟ ಬೇಡ.

ನಾನು ಎಷ್ಟು ಕಾಲ ಸುದ್ದಿ ಡೆಸ್ಕಿನಲ್ಲಿ ಸುದ್ದಿಸಂಸ್ಥೆಗಳ ಕಾಪಿ ಕನ್ನಡಕ್ಕೆ ಇಳಿಸ್ತಾ ಕೂತಿದ್ದೆ ಅಂತ ಹಳಬರಿಗೆ ಗೊತ್ತು. ಶ್ರೀಲಂಕಾ ಯುದ್ಧ ಮುಗಿದ 2009ರಲ್ಲಿ ಕೊಲಂಬೊ ಸುದ್ದಿ ರಾತ್ರಿ ಪಾಳಿಯಲ್ಲಿ ನನ್ನ ಮೇಜಿಗೇ ಬರ್ತಿತ್ತು. ಬೈಕೊಂಡೇ ಓದ್ತಿದ್ದೆ. ಆದರೆ ಹೇಳ್ಕೊಳ್ಳೋಕೆ ನಾಚಿಕೆ ಆದ್ರೂ ಹೇಳಿಬಿಡ್ತೀನಿ, ಸರ್ಕಾರಿ ಪ್ರಕಟಣೆ ಓದೋದು ನನಗೊಂದು ಚಟ. ಸುಳ್ಳುಗಾರ ಯಾವ ಜಾಗದಲ್ಲಿ ನಿಜ ಹೇಳಲೇಬೇಕಾಗುತ್ತೆ ಅಂತ ಹುಡುಕೋದರಲ್ಲಿ ಒಂಥರಾ ಮಜಾ ಇದೆ.

ಲಂಕಾ ಸರ್ಕಾರದ ಮೇಲೆ ಯುದ್ಧ ಮಾಡ್ತಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಸಾವನ್ನೇ ತಗೊಳ್ಳಿ. ಸುನಾಮಿ ಆದಮೇಲೆ, 2005ರ ಜನವರಿಯಲ್ಲಿ, ಲಂಕಾದ ಸರ್ಕಾರಿ ರೇಡಿಯೋ ಆತ ಸತ್ತಿರಬಹುದು ಅಂತ ಒಂದ್ಸಲ ಸುದ್ದಿ ಬಿಟ್ಟಿತ್ತು. ಆಸಾಮಿ ಗುಂಡುಕಲ್ಲಿನ ಹಾಗೆ ಇದ್ದ. ಹಂಗಾಗಿ 2009ರ ಮೇ 18ಕ್ಕೆ ಮತ್ತೆ "ಸತ್ತ" ಅಂದಾಗ ನಕ್ಕವರೇ ಜಾಸ್ತಿ. ಎಲ್‌ಟಿಟಿಇ ಕಡೆಯ ಪದ್ಮನಾಥನ್ ಬೇರೆ, ನಾಯಕ ಕ್ಷೇಮವಾಗಿದ್ದಾನೆ ಅಂದ. ಆದರೆ ಈ ಸಲ ವ್ಯತ್ಯಾಸ ಇತ್ತು ನೋಡಿ. ಮೊದಲನೇ ಸಲ ಬರೀ "ಇರಬಹುದು". ಎರಡನೇ ಸಲ ಮಾರನೇ ದಿನವೇ ಟಿವಿಯಲ್ಲಿ ಹೆಣ ತೋರಿಸಿದ್ರು, ಹಳೇ ಸಂಗಾತಿ ಕರುಣಾನ ಕರ್ಕೊಂಡು ಬಂದು ಗುರುತು ಹಿಡಿಸಿದ್ರು. ಸುಳ್ಳಾಗಿದ್ರೆ ಪ್ರಭಾಕರನ್ ಒಂದೇ ಒಂದು ವಿಡಿಯೋ ಬಿಟ್ಟಿದ್ರೆ ಸಾಕಿತ್ತು, ಸರ್ಕಾರದ ಮಾನ ಮೂರಾಬಟ್ಟೆ. ನಾಳೆಯೇ ಸಿಕ್ಕಿಬೀಳೋ ಸುಳ್ಳನ್ನ ಗೆಲ್ತಿರೋ ಸರ್ಕಾರ ಯಾಕೆ ಹೇಳುತ್ತೆ? ಮೇ 24ಕ್ಕೆ ಪದ್ಮನಾಥನ್ನೇ ಒಪ್ಕೊಂಡ. ಸರ್ಕಾರಿ ಟಿವಿ ಹೇಳಿದ್ದು ನಿಜ, ಇನ್ನೊಂದು ಕಡೆಯವರು ಹೇಳಿದ್ದು ಸುಳ್ಳು. ಆಯ್ತಾ?

ಸೋಲ್ತಿರೋ ಸರ್ಕಾರದ ಕಥೆ ಬೇರೆ. 2024ರ ಡಿಸೆಂಬರ್ 7ರಂದು ಸಿರಿಯಾದ ಸರ್ಕಾರಿ ಸುದ್ದಿಸಂಸ್ಥೆ, ಅಧ್ಯಕ್ಷ ಅಸದ್ ರಾಜಧಾನಿ ಡಮಾಸ್ಕಸ್ ಬಿಟ್ಟು ಹೋಗಿಲ್ಲ ಅಂತು. 8ಕ್ಕೆ ಅದೇ ದೇಶದ ಸರ್ಕಾರಿ ಟಿವಿಯಲ್ಲಿ ಬಂಡುಕೋರರು ಬಂದು ಅಸದ್ ಆಡಳಿತ ಮುಗೀತು ಅಂತ ಓದಿದ್ರು. ಅದಕ್ಕೂ ಒಂದು ವಾರ ಮುಂಚೆ ಅದೇ ಸರ್ಕಾರದ ಸೇನೆ, ಅಲೆಪ್ಪೊದಲ್ಲಿ ತನ್ನ ಹತ್ತಾರು ಸೈನಿಕರು ಸತ್ತಿದ್ದಾರೆ ಅಂತ ಬಾಯಿಬಿಟ್ಟಿತ್ತು. ತನಗೇ ನಷ್ಟ ಆಗೋ ಮಾತು ಸರ್ಕಾರದ ಬಾಯಿಂದ ಬಂತು ಅಂದ್ರೆ, ಎದ್ದು ಕೂತು ಓದ್ಬೇಕು ಕಣ್ರೀ. "ಎಲ್ಲಾ ಬುರುಡೆ" ಅಂತ ಮುಂದಕ್ಕೆ ಹೋದೋನಿಗೆ ಅದು ಕಣ್ಣಿಗೇ ಬೀಳಲ್ಲ.

"ಇಷ್ಟೆಲ್ಲಾ ಸರ್ಕಸ್ ಯಾಕೆ ಸಾರ್, ಸ್ವತಂತ್ರ ವರದಿಗಾರರು ಬರೆದಿದ್ದು ಓದಿದ್ರಾಯ್ತು" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸ್ತಿರುತ್ತೆ, ಗೊತ್ತು. ಖಂಡಿತ ಓದಿ, ಸಿಕ್ಕಿದ್ರೆ! ಲಂಕಾದಲ್ಲಿ ಅವರನ್ನ ಯುದ್ಧದ ಜಾಗಕ್ಕೆ ಬಿಟ್ಟಿದ್ರಾ? ಸಂಪಾದಕ ಲಸಂತ ವಿಕ್ರಮತುಂಗ ಅವರನ್ನ 2009ರ ಜನವರಿ 8ರಂದು ಹಗಲು ಹೊತ್ತಲ್ಲೇ ಕೊಂದುಹಾಕಿದ್ರು. ಸರ್ಕಾರಿ ರೇಡಿಯೋ ನಮ್ಮ ಕಾರ್ಯಕ್ರಮಗಳಲ್ಲಿ ಕೈ ಆಡಿಸ್ತಿದೆ ಅಂತ ಬಿಬಿಸಿ ಫೆಬ್ರವರಿಯಲ್ಲಿ ಅದಕ್ಕೆ ಕಾರ್ಯಕ್ರಮ ಕೊಡೋದನ್ನೇ ನಿಲ್ಲಿಸ್ತು. ಕೊನೆಗೆ ಉಳಿದದ್ದು ಸೇನೆಯ ಮಾತು, ಎಲ್‌ಟಿಟಿಇ ಮಾತು, ಮಧ್ಯೆ ಸಿಕ್ಕಿಹಾಕಿಕೊಂಡು ಫೋನಿನಲ್ಲಿ ಮಾತಾಡ್ತಿದ್ದ ಕೆಲವು ಸರ್ಕಾರಿ ಡಾಕ್ಟರುಗಳ ಮಾತು. ಆ ಡಾಕ್ಟರುಗಳನ್ನೂ ಯುದ್ಧ ಮುಗಿದ ತಕ್ಷಣ ಹಿಡಿದುಹಾಕಿ, ಜುಲೈನಲ್ಲಿ ಪತ್ರಕರ್ತರ ಮುಂದೆ ಕೂರಿಸಿ, "ನಾವು ಸಾವಿನ ಲೆಕ್ಕ ಜಾಸ್ತಿ ಹೇಳಿದ್ವಿ" ಅನ್ನಿಸಿದ್ರು. ಕಸ್ಟಡಿಯಲ್ಲಿರೋ ಮನುಷ್ಯ ಹೇಳಿದ ಮಾತಿಗೆ ಎಷ್ಟು ಬೆಲೆ ಕಟ್ಟಬೇಕು ಅಂತ ನಾನು ಹೇಳಬೇಕಾ?

1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ಒಂಟಿಕೊಪ್ಪಲಿನ ಮನೆಯಿಂದ ರೇಡಿಯೋ ಶುರು ಮಾಡಿದ ಊರು ಇದು. ಕೇಳೋದು ಹೇಗೆ ಅಂತ ಬೇರೆಯವರಿಗೆ ಹೇಳ್ಕೊಡೋ ಯೋಗ್ಯತೆ ನಮಗಿರಬೇಕಿತ್ತು. ಹೋಗ್ಲಿ ಬಿಡಿ.

ಮತ್ತೆ ಲಂಕಾಕ್ಕೇ ಬರೋಣ. ಸೇನೆ ಕಿಲಿನೋಚ್ಚಿ ಊರು ಹಿಡೀತು ಅಂತ 2009ರ ಜನವರಿ 2ರಂದು ಸರ್ಕಾರ ಹೇಳಿದ್ದು ನಿಜ. ಮುಲ್ಲೈತೀವು ಹಿಡೀತು ಅಂದದ್ದೂ ನಿಜ. ಊರಿನ ಹೆಸರು ಬಂದ ಕಡೆಯೆಲ್ಲಾ ಅವರ ಮಾತು ಹೆಚ್ಚುಕಮ್ಮಿ ನೆಟ್ಟಗಿತ್ತು. ಮನುಷ್ಯರ ಲೆಕ್ಕ ಬಂತೋ, ಕಥೆ ಶುರು. ಜನಸಾಮಾನ್ಯರು ಒಬ್ಬರೂ ಸಾಯದ ಹಾಗೆ ಯುದ್ಧ ಮಾಡ್ತಿದ್ದೀವಿ ಅಂತಿದ್ರು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ, ಕೊನೇ ತಿಂಗಳುಗಳಲ್ಲಿ 40,000 ಜನ ಸತ್ತಿರೋ ಸಾಧ್ಯತೆಯನ್ನ ತಳ್ಳಿಹಾಕೋಕಾಗಲ್ಲ ಅಂತು. (ಎಲ್‌ಟಿಟಿಇ ಅದೇ ಜನರನ್ನ ಹೊರಗೆ ಬಿಡದೆ ಗುರಾಣಿ ಮಾಡ್ಕೊಂಡಿತ್ತು ಅಂತಲೂ ಅದೇ ವರದಿ ಹೇಳುತ್ತೆ. ಅದನ್ನ ಬಿಟ್ಟು ಶೇರ್ ಮಾಡೋರು ದಯವಿಟ್ಟು ನನ್ನ ಪೋಸ್ಟ್ ಮುಟ್ಟಬೇಡಿ.)

ಯುದ್ಧದ ಜಾಗದ ಒಳಗೆ ಸಿಕ್ಕಿಹಾಕಿಕೊಂಡವರು ಎಷ್ಟು ಜನ? ಫೆಬ್ರವರಿ ಹೊತ್ತಿಗೆ ಸರ್ಕಾರದ ಲೆಕ್ಕ 70,000ದ ಆಸುಪಾಸು. ಕೊನೆಗೆ ಹೊರಗೆ ಬಂದು ಕ್ಯಾಂಪ್ ಸೇರಿದವರು 2,80,000ಕ್ಕೂ ಹೆಚ್ಚು. ಬೇಕಂತಲೇ ಕಡಿಮೆ ತೋರಿಸಿದ ಆ ಲೆಕ್ಕದಿಂದ ಒಳಗಿದ್ದವರಿಗೆ ಅನ್ನ, ಔಷಧ ಕಡಿಮೆ ಹೋಯ್ತು ಅಂತ ಅದೇ ಸಮಿತಿ ಬರೆದಿದೆ. ಇಷ್ಟು ದೊಡ್ಡ ಆರೋಪಕ್ಕೆ ಸರ್ಕಾರವೇ ಬಾಯಾರೆ ಹೇಳಿದ ಲೆಕ್ಕವೇ ಸಾಕ್ಷಿ. ಅವತ್ತು ಎಲ್ಲರೂ "ಸರ್ಕಾರಿ ಬುರುಡೆ" ಅಂತ ಅದನ್ನ ಓದದೆ, ಬರೆದಿಡದೆ ಎಸೆದಿದ್ರೆ, ಕ್ಯಾಂಪಿನ ತಲೆ ಲೆಕ್ಕದ ಪಕ್ಕಕ್ಕಿಟ್ಟು ಕೇಳೋಕೆ ಯಾರ ಕೈಲಿ ಏನಿರ್ತಿತ್ತು?