ಗಣಪತಿ ಹೆಗಡೆ ಒಬ್ಬರೇ ಸಾಕಾ?

ಶಿರಸಿ ಸುತ್ತಮುತ್ತ ಗಣಪತಿ ಹೆಗಡೆ ಇಲ್ಲದ ಊರಿಲ್ಲ. ಕೆಲವು ಊರಲ್ಲಿ ಮೇಲಿನಮನೆಗೊಬ್ಬರು, ಕೆಳಗಿನಮನೆಗೊಬ್ಬರು. ಇಷ್ಟೂ ಜನರನ್ನು ಮೊನ್ನೆ ಒಂದೇ ಏಟಿಗೆ ಒಬ್ಬರನ್ನಾಗಿ ಮಾಡಿಟ್ಟ ಪುಣ್ಯಾತ್ಮ ನನ್ನ ತಂಗಿಯ ಮಗ. ಕೇಳಿದರೆ, "ಸೆಟ್‌ನಲ್ಲಿ ಡೂಪ್ಲಿಕೇಟ್ ಇರ್ತಿಲ್ಲೆ ಮಾವ" ಅಂತಾನೆ.

ಹೆಗಡೇರು ಡೂಪ್ಲಿಕೇಟಂತೆ!

ಮಗನ ಮುಂಜಿ ಹತ್ತಿರ ಬಂದಿದೆ, ಕರೆಯಬೇಕಾದವರ ಪಟ್ಟಿ ಆಗಬೇಕು. ತಂಗಿಯ ಮದುವೆಗೆ ಬರೆದ ಹಳೇ ನೋಟ್‌ಬುಕ್ಕು ಕಪಾಟಿನಲ್ಲೇ ಇದೆ. ಅದನ್ನೇ ನಕಲು ಮಾಡಿದ್ದರೆ ಒಂದು ಸಂಜೆಯ ಕೆಲಸ. ಆದರೆ ಈ ಹುಡುಗ ಕಾಲೇಜಿನಲ್ಲಿ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾನೆ. ಪ್ರೋಗ್ರಾಮ್ ಬರೆದು ಕೊಡ್ತೆ ಅಂದ. ಆ ವಾರ ಕ್ಲಾಸಿನಲ್ಲಿ ಸೆಟ್ ಪಾಠ ನಡೀತಿತ್ತು, ಹಾಗಾಗಿ ನಮ್ಮನೆ ಮುಂಜಿಗೂ ಸೆಟ್ಟೇ. ಹಿಂದಿನ ವಾರ ಕೇಳಿದ್ದರೆ ಹಾಕಿದವರನ್ನೆಲ್ಲ ಹಾಕಿದ ಕ್ರಮದಲ್ಲೇ ಇಡೋ ಲಿಸ್ಟ್ ಸಿಗ್ತಿತ್ತು, ಯಾರಿಗೂ ತಲೆಬಿಸಿ ಇರ್ತಿರಲಿಲ್ಲ.

ಸೆಟ್ ಅಂದ್ರೆ ಇಷ್ಟೇ. ಕರ್ಲಿ ಬ್ರ್ಯಾಕೆಟ್ ಒಳಗೆ ಹೆಸರುಗಳನ್ನು ಕೋಮಾ ಹಾಕಿ ಬರೀಬೇಕು. ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ಅದೇ ನುಂಗಿಬಿಡತ್ತೆ. ಒಳಗೆ ಹೋದವರಿಗೆ ಹಿಂದೆ ಮುಂದೆ ಅನ್ನೋದಿಲ್ಲ, ಕುಮಟಾ ಬಸ್ಸು ಬಂದಾಗಿನ ನಮ್ಮ ಬಸ್‌ಸ್ಟ್ಯಾಂಡಿನ ಥರ. ಒಳಗೇನೂ ಬರೆಯದೆ ಬರೀ ಬ್ರ್ಯಾಕೆಟ್ ಹಾಕಿದರೆ ಮಾತ್ರ ಅದು ಸೆಟ್ ಅಲ್ಲ, ಡಿಕ್ಷನರಿ, ಅಂದ್ರೆ ಒಂದೊಂದು ಹೆಸರಿನ ಎದುರು ಅದರ ವಿವರ ಇಡೋ ಬೇರೆಯದೇ ಜಾತಿ! ಖಾಲಿ ಸೆಟ್ ಬೇಕಿದ್ದರೆ ಸೆಟ್ ಅಂತಲೇ ಬರೆದು ಎದುರಿಗೆ ಸಾದಾ ಬ್ರ್ಯಾಕೆಟ್ ಹಾಕಬೇಕಂತೆ. ಯಾಕೋ ಅಂದ್ರೆ "ಅದು ಹಂಗೇಯ ಮಾವ."

ಇದನ್ನೆಲ್ಲ ನಾನು ಹೇಗೋ ಸಹಿಸಿಕೊಂಡೆ. ಸಹಿಸದವರು ಅಪ್ಪಯ್ಯ.

ಅಪ್ಪಯ್ಯನಿಗೆ ಒಂದು ಅಭ್ಯಾಸ. ಯಾವ ಪಟ್ಟಿ ಕೊಟ್ಟರೂ ಮೊದಲನೇ ಹೆಸರಿನಿಂದ ಗಟ್ಟಿಯಾಗಿ ಓದಬೇಕು. ಬರೀ ಓದೋದಲ್ಲ, ಪ್ರತಿ ಹೆಸರಿಗೂ ಆ ಮನೆಯ ಇತಿಹಾಸ ಆಗಬೇಕು. ಅವರ ಬಾವಿ ತೋಡಿದ್ದು ಯಾವಾಗ, ಮಗಳನ್ನು ಸಿದ್ದಾಪುರಕ್ಕೆ ಕೊಟ್ಟು ಆಮೇಲೆ ಏನಾಯ್ತು, ಕೊಳೆ ರೋಗ ಬಂದ ವರ್ಷ ಯಾರ ತೋಟದಲ್ಲಿ ಎಷ್ಟು ಅಡಿಕೆ ಉದುರಿತು. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಪರದೆ ಮೇಲೆ ಬೆರಳಿಟ್ಟು ಶುರು ಮಾಡಿದರು. ಕಥೆ ಹೇಳುತ್ತಾ ಹೇಳುತ್ತಾ ಬಿಟ್ಟುಹೋದ ಹೆಸರೊಂದು ನೆನಪಾಯ್ತು. ಹುಡುಗ ಅದನ್ನು ಸೇರಿಸಿದ, ಪ್ರೋಗ್ರಾಮ್ ಮತ್ತೆ ಓಡಿಸಿದ. ಅಪ್ಪಯ್ಯನ ಬೆರಳು ಇದ್ದಲ್ಲೇ ಇದೆ, ಅದರ ಕೆಳಗೆ ಈಗ ಬೇರೆ ಯಾರೋ!

ಮತ್ತೆ ಮೊದಲಿಂದ ಓದು. ಮತ್ತೆ ಬಾವಿ, ಮತ್ತೆ ಕೊಳೆ ರೋಗ. ಮತ್ತೊಂದು ಹೆಸರು ನೆನಪಾಯ್ತು. ಮತ್ತೆ ಎಲ್ಲ ಕಲಸುಮೇಲೋಗರ. ಕುಮಟಾ ಆದ ಮೇಲೆ ಯಲ್ಲಾಪುರ, ಅದರ ಬೆನ್ನಿಗೆ ಹೊನ್ನಾವರ. ಈ ಪಟ್ಟಿ ಹಿಡಿದು ಕರೆಯಲು ಹೊರಟರೆ ದಿನವೆಲ್ಲ ಘಾಟ್ ಹತ್ತಿ ಇಳಿಯೋದೇ ಆಗತ್ತೆ. ಒಳಗೆ ಮಾಡಿದ ಚಹಾ ಆರಿ ತಣ್ಣಗಾಯ್ತು.

"ಮೊದಲನೇ ಹೆಸರು ಯಾರ್ದು, ಅಷ್ಟು ಹೇಳು ಸಾಕು" ಅಂದರು ಅಪ್ಪಯ್ಯ. ಪೈಥಾನ್ ಎಣಿಸೋದು ಸೊನ್ನೆಯಿಂದ, ಹಾಗಾಗಿ ಹುಡುಗ ಸೊನ್ನೆ ಹಾಕಿ ಕೇಳಿದ, ಕಂಪ್ಯೂಟರ್ ಕೆಂಪಗಾಯ್ತು. ಸೆಟ್‌ನಲ್ಲಿ ನಂಬರ್ ಕೊಟ್ಟು ಯಾರನ್ನೂ ಕರೆಯಲಿಕ್ಕೆ ಬರೋದಿಲ್ಲ. "ಇದ್ರಲ್ಲಿ ಮೊದಲನೆಯವರು ಅಂತ ಯಾರೂ ಇಲ್ಲೆ ಅಜ್ಜ."

"ಮೊದಲು ಯಾರೂ ಇಲ್ದೇ ಕಡೆಗಿದ್ದವ ಎಲ್ಲಿಂದ ಬಂದ?"

ಇದಕ್ಕೆ ಉತ್ತರ ಅವನ ಪುಸ್ತಕದಲ್ಲಿರಲಿಲ್ಲ. ಸೆಟ್ ಒಳಗೆ 3, 1, 2 ಅಂತ ಹಾಕಿ ತೋರಿಸಿದ. 1, 2, 3 ಅಂತ ಚೊಕ್ಕವಾಗಿ ಬಂತು. ಯಾರನ್ನು ಎಲ್ಲಿ ಕೂರಿಸೋದು ಅಂತ ನೋಡಲಿಕ್ಕೆ ಸೆಟ್ ಪ್ರತಿಯೊಬ್ಬರಿಗೂ ಒಂದು ನಂಬರ್ ಲೆಕ್ಕ ಹಾಕತ್ತೆ, ಅದಕ್ಕೆ ಹ್ಯಾಶ್ ಅಂತಾರೆ. ಸಣ್ಣ ಅಂಕಿಗಳ ಹ್ಯಾಶ್ ಅಂದ್ರೆ ಆ ಅಂಕಿಯೇ, ಹಾಗಾಗಿ ಸಾಲಾಗಿ ನಿಂತ ಹಾಗೆ ಕಾಣತ್ತೆ ಅಷ್ಟೇ. ಹೊಸಬರು ಮೋಸ ಹೋಗೋದು ಇಲ್ಲೇ. ಅಕ್ಷರಗಳ ಹ್ಯಾಶ್ ಹಾಗಲ್ಲ. 2012ರಲ್ಲಿ ಪೈಥಾನ್ 3.3 ಬಂದಾಗಿನಿಂದ ಪ್ರತಿ ಸಲ ಓಡಿಸಿದಾಗಲೂ ಅದು ಬೇಕಂತಲೇ ಬದಲಾಗತ್ತೆ. ಯಾರೋ ಕಿಡಿಗೇಡಿಗಳು ಒಂದೇ ಹ್ಯಾಶ್ ಬರೋ ಹೆಸರುಗಳನ್ನು ರಾಶಿ ಸುರಿದು ಸರ್ವರ್ ಕೆಡಿಸಬಾರದು ಅಂತ ಈ ಏರ್ಪಾಡು. ನಮ್ಮ ಜಗಲಿಗೆ ಯಾವ ಕಿಡಿಗೇಡಿ ಬರ್ತಿದ್ದ, ಇವನೊಬ್ಬನನ್ನು ಬಿಟ್ಟು?

ಸಾರ್ಟೆಡ್ ಹಾಕಿ ನೋಡಿದ. ಅಕ್ಷರಮಾಲೆ ಪ್ರಕಾರ ನಿಂತರು. ಪುರೋಹಿತರ ಹೆಸರು 'ವ'ದಿಂದ ಶುರು, ಅವರು ಬಾಲದಲ್ಲಿ. ಅಡಿಕೆ ದುಡ್ಡು ಬಾಕಿ ಇಟ್ಟ 'ಅ'ದವರು ಎಲ್ಲರಿಗಿಂತ ಮುಂದೆ. ಅಪ್ಪಯ್ಯ ಕನ್ನಡಕ ತೆಗೆದಿಟ್ಟರು. ಊರಿನ ಹೆಸರಿಗೂ ಒಂದು ಸೆಟ್ ಮಾಡುವ ಅಂತ ಹುಡುಗ ಸೆಟ್ ಅಂತ ಬರೆದು ಸಾದಾ ಬ್ರ್ಯಾಕೆಟ್ ಒಳಗೆ "ಶಿರಸಿ" ಅಂತ ಕೊಟ್ಟ. ಅದು ಊರನ್ನೇ ಬಿಚ್ಚಿಹಾಕಿತು. ಶ ಒಂದು ಕಡೆ, ರ ಒಂದು ಕಡೆ, ಸ ಒಂದು ಕಡೆ. ಎರಡು ಗುಡಿಸು ಇತ್ತಲ್ಲ, ಒಂದನ್ನು ನುಂಗಿ ಇನ್ನೊಂದನ್ನು ಯಾವ ಅಕ್ಷರಕ್ಕೂ ಅಂಟಿಸದೆ ಬಿಟ್ಟಿತ್ತು.

ಕಡೆಗೆ ಹೆಗಡೇರನ್ನು ಬಿಡಿಸಿಕೊಳ್ಳೋ ದಾರಿ ಸಿಕ್ಕಿತು. ಹೆಸರು, ಊರು, ಮನೆ, ಮೂರನ್ನೂ ಸೇರಿಸಿ ಟ್ಯೂಪಲ್, ಅಂದ್ರೆ ಆಮೇಲೆ ಬದಲಿಸಲಾಗದ ಒಂದು ಕಟ್ಟು, ಮಾಡಿ ಹಾಕಿದರೆ ಮೇಲಿನಮನೆಯವರು ಬೇರೆ, ಕೆಳಗಿನಮನೆಯವರು ಬೇರೆ. ಲಿಸ್ಟ್ ಮಾಡಿ ಹಾಕಿದರೆ ಸೆಟ್ ಒಳಗೇ ಬಿಡೋದಿಲ್ಲ. ಆಮೇಲೂ ಬದಲಾಗಬಹುದಾದದ್ದನ್ನು ಅದು ಸೇರಿಸಿಕೊಳ್ಳಲ್ಲ.

ತೆಗೆಯೋದಕ್ಕೂ ಎರಡು ದಾರಿ. ರಿಮೂವ್ ಅಂದರೆ, ಆ ಹೆಸರು ಇಲ್ಲದಿದ್ದಾಗ ಕಿರುಚತ್ತೆ. ಡಿಸ್ಕಾರ್ಡ್ ಅಂದರೆ, ಇರಲಿ ಬಿಡಲಿ ಸುಮ್ನಿರತ್ತೆ. ತೀರಿಕೊಂಡವರನ್ನು ತೆಗೆಯುವ ಅಂತ ಹಳೇ ನೋಟ್‌ಬುಕ್ಕು ಬಿಚ್ಚಿದೆವು. ಒಂದು ಪುಟದಲ್ಲಿ ಅರ್ಧದಷ್ಟು ಜನ ಈಗಿಲ್ಲ. ಉಳಿದರ್ಧ ಮನೆಗಳಲ್ಲಿ ಮುದುಕರಿಬ್ಬರೇ, ಮಕ್ಕಳೆಲ್ಲ ಬೆಂಗಳೂರು. ಅಪ್ಪಯ್ಯ ಆ ಪುಟಕ್ಕೆ ಇತಿಹಾಸ ಹೇಳಲಿಲ್ಲ. "ಒಂದನ್ನೂ ತೆಗೆಯಡ. ಕರೆಯದು ಮನೆಗೆ, ಮನುಷ್ಯಂಗಲ್ಲ" ಅಂದು ಎದ್ದು ಹೋದರು.

ಪಟ್ಟಿ ಕೊನೆಗೂ ನೋಟ್‌ಬುಕ್ಕಿನಲ್ಲೇ ಆಯ್ತು, ಪೆನ್ನಿನಲ್ಲಿ, ಪುರೋಹಿತರಿಂದ ಶುರುವಾಗಿ. ಹುಡುಗನಿಗೆ ಬೇಜಾರೇನೂ ಆದಂತಿಲ್ಲ. ಈ ವಾರ ಡಿಕ್ಷನರಿ ಪಾಠವಂತೆ. 2018ರ ಪೈಥಾನ್ 3.7ರಿಂದ ಅದು ಹಾಕಿದ ಕ್ರಮ ತಪ್ಪಿಸೋದಿಲ್ಲವಂತೆ. ಅಡುಗೆಯವರಿಗೆ ಕೊಡೋ ಸಾಮಾನಿನ ಚೀಟಿ ಎಲ್ಲಿದ್ದು ಅಂತ ಬೆಳಿಗ್ಗೆಯಿಂದ ಕೇಳುತ್ತಿದ್ದಾನೆ. ಅಂಗಿ ಕಿಸೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ.